ಹೆರಾಲ್ಡಿನ ಹಿಂಗಾಲಿ ಯಾಕೆ ಜಾರುತ್ತಿತ್ತು

ಕಮಲಾಪುರದಿಂದ ಕಲಬುರಗಿಗೆ ವಾಪಸ್ ಬರುತ್ತಿದ್ದೆ. ಗಾಡಿಯಲ್ಲಿ ನಾನೊಬ್ಬನೇ. ಹಿಂದಿನ ಸೀಟಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆ. ಒಂದು ಬಲ ತಿರುವಿನ ಮಧ್ಯದಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಕೂಡ ಒತ್ತಲಿಲ್ಲ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ ಅಷ್ಟೇ. ಗಾಡಿಯ ಹಿಂಭಾಗವನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಾಯಿತು. ಎಮ್ಮೆ ಉಳಿಯಿತು, ನಾನೂ ಉಳಿದೆ. ಬಾಳೆಹಣ್ಣು ಮಾತ್ರ ಎಲ್ಲ ಕೆಳಗೆ.

ಗಾಡಿ ನಮ್ಮ ಕಾಕಾನದು. ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಗಾಡಿ ಇದು. ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುತ್ತಾರೆ. ಆದರೆ ಟ್ರಯಂಫ್ ಕಂಪನಿಯವರು 1962ರಲ್ಲಿ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ತಂದಾಗ ಹೆರಾಲ್ಡಿನ ಚಾಸಿಯನ್ನೇ, ಅಂದರೆ ಅಡಿಯ ಚೌಕಟ್ಟನ್ನೇ, ಗಿಡ್ಡ ಮಾಡಿ ಬಳಸಿದ್ದರು. ಹಿಂದಿನ ಸಸ್ಪೆನ್ಷನ್ ಎರಡಕ್ಕೂ ಒಂದೇ ತರಹದ್ದು. ಹಾಗಾಗಿ ಹಳೇ ಸ್ಪಿಟ್‌ಫೈರ್ ಇಟ್ಟುಕೊಂಡವರಿಗೂ ನನ್ನ ಕಥೆ ಉಪಯೋಗಕ್ಕೆ ಬರಬಹುದು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಹಿಂದೆ ಜಾರುತ್ತೆ ಅಂದಕೂಡಲೇ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದುಕೊಂಡೆ. ಎರಡೂ ಹೊಸದು ಹಾಕಿಸಿದೆ. ಗುಂಡಿಯಲ್ಲಿ ಇಳಿದೆದ್ದಾಗ ಕುಣಿಯೋದು ಕಡಿಮೆ ಆಯಿತು, ಜಾರೋದು ಹಾಗೇ ಉಳಿಯಿತು. ಆಮೇಲೆ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಮುಂದಿನ ಎರಡು ಗಾಲಿ ನೋಡಿ, "ಹಿಂದ ಏನೂ ಅಡ್ಜಸ್ಟ್ ಇರಂಗಿಲ್ರೀ ಸಾಹೇಬ್ರೇ" ಅಂದು ಕಳಿಸಿದರು. ಈಗಿನ ಎಷ್ಟೋ ಗಾಡಿಗಳಿಗೆ ಆ ಮಾತು ಸರಿ. ಹೆರಾಲ್ಡಿಗೆ ಸರಿಯಲ್ಲ. ಅದು ನನಗೂ ಆಗ ಗೊತ್ತಿರಲಿಲ್ಲ.

ಸುಮ್ನೆ ದುಡ್ಡು ಹಾಕೋದು ನಿಲ್ಲಿಸಿ ಒಂದು ನೋಟ್‌ಬುಕ್ ತಗೊಂಡೆ. ಗಾಡಿ ಯಾವಾಗ ಏನು ಮಾಡುತ್ತೆ ಅಂತ ಒಂದು ವಾರ ಬರೆದೆ. ನೇರ ರಸ್ತೆಯಲ್ಲಿ ಎಕ್ಸಿಲರೇಟರ್ ಒತ್ತಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತೆ. ಕಾಲು ತೆಗೆದರೆ ಬಲಕ್ಕೆ. ಹಂಪ್ ದಾಟುವಾಗ ಎಡ ಹಿಂಗಾಲಿ ಕಡೆ ಟಕ್ ಅನ್ನುತ್ತೆ. ಮತ್ತೊಂದು ಸಾಲು ಬರೆದಾಗ ನನಗೇ ವಿಚಿತ್ರ ಅನಿಸಿತು: ಮನೆ ಮಂದಿ ಎಲ್ಲ ಕೂತಾಗ ಗಾಡಿ ಚೆನ್ನಾಗಿ ತಿರುಗುತ್ತೆ, ನಾನೊಬ್ಬನೇ ಇದ್ದಾಗ ಹೆದರಿಸುತ್ತೆ. ಭಾರ ಜಾಸ್ತಿ ಆದಾಗ ಗಾಡಿ ಕೆಡಬೇಕು, ಅಲ್ವಾ? ಇಲ್ಲಿ ಉಲ್ಟಾ.

ಈ ಉಲ್ಟಾ ಯಾಕೆ ಅಂತ ತಿಳಿಯಬೇಕಾದರೆ ಗಾಡಿಯ ಕೆಳಗೆ ಮಲಗಬೇಕು. ಹೆರಾಲ್ಡಿನಲ್ಲಿ ಡಿಫರೆನ್ಷಿಯಲ್, ಅಂದರೆ ಇಂಜಿನ್ನಿನ ಶಕ್ತಿಯನ್ನು ಎರಡೂ ಹಿಂಗಾಲಿಗೆ ಹಂಚುವ ಗೇರಿನ ಡಬ್ಬ, ಚಾಸಿಗೆ ಬಿಗಿದಿರುತ್ತೆ. ಅದರ ಎರಡೂ ಬದಿಯಿಂದ ಗಾಲಿ ತಿರುಗಿಸುವ ಒಂದೊಂದು ದಂಡ, ಆಕ್ಸಲ್, ಗಾಲಿಗೆ ಹೋಗುತ್ತೆ. ಪ್ರತಿ ಆಕ್ಸಲಿಗೆ ಡಿಫರೆನ್ಷಿಯಲ್ ಹತ್ತಿರ ಒಂದೇ ಯೂನಿವರ್ಸಲ್ ಜಾಯಿಂಟ್, ಅಂದರೆ ತಿರುಗುತ್ತಲೇ ಬಾಗುವ ಕೀಲು. ಗಾಲಿ ಹತ್ತಿರ ಜಾಯಿಂಟ್ ಇಲ್ಲ. ಅಂದರೆ ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಗಾಲಿ ಆ ಜಾಯಿಂಟಿನ ಸುತ್ತ ಮೇಲೆ ಕೆಳಗೆ ತೂಗುತ್ತೆ. ಇದನ್ನೇ ಸ್ವಿಂಗ್ ಆಕ್ಸಲ್ ಅನ್ನುತ್ತಾರೆ. ಹಳೇ ಬೀಟಲ್, ಪೋರ್ಷೆ 356 ಕಾರುಗಳೂ ಇದೇ ಜಾತಿ. ಗಾಡಿಯ ಬೆನ್ನು ಕೆಳಗೆ ಕೂತರೆ ಗಾಲಿಗಳ ತಲೆ ಒಳಕ್ಕೆ ವಾಲುತ್ತೆ. ಬೆನ್ನು ಎದ್ದರೆ ಗಾಲಿಗಳ ತಲೆ ಹೊರಕ್ಕೆ, ಪಾದ ಒಳಕ್ಕೆ. ತಿರುವಿನಲ್ಲಿ ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಏಳುತ್ತೆ. ಹೊರಗಿನ ಗಾಲಿ ಮಡಚಿಕೊಂಡು ಟೈರಿನ ಅಂಚಿನ ಮೇಲೆ ನಿಲ್ಲುತ್ತೆ, ಹಿಡಿತ ಹೋಗುತ್ತೆ. ಹಿಂದೆ ಜನ ಕೂತಿದ್ದರೆ ಬೆನ್ನು ಮೊದಲೇ ತಗ್ಗಿರುತ್ತೆ, ಅಷ್ಟು ಬೇಗ ಮಡಚುವುದಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ. ನನ್ನ ಗಾಡಿ ಖಾಲಿ ನಿಂತಾಗ ಗಾಲಿ ಯಾವ ಕಡೆ ವಾಲಿದೆ?

ಅಳೆಯಲು ಸಮತಟ್ಟಾದ ನೆಲ ಬೇಕು. ನಮ್ಮ ಕಡೆ ಅದಕ್ಕೇನು ಬರ? ಅಂಗಳದಲ್ಲಿ ಶಹಾಬಾದ್ ಪರಸಿ ಹಾಸಿದೆ. ನೀರು ಚೆಲ್ಲಿ ಹರಿಯುವ ದಿಕ್ಕು ನೋಡಿದೆ. ಒಂದು ಮೂಲೆ ತಗ್ಗಿತ್ತು, ಅದನ್ನು ಬಿಟ್ಟು ಗಾಡಿ ನಿಲ್ಲಿಸಿದೆ. ಪಕ್ಕದ ಮನೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ ತೂಗುಗುಂಡು ಇಸ್ಕೊಂಡೆ. ಇಲ್ಲಿ ಒಂದು ಮೋಸ ಇದೆ, ನಾನು ಎರಡು ಸಲ ಬಿದ್ದೆ. ಜ್ಯಾಕ್ ಹಾಕಿ ಇಳಿಸಿದ ಮೇಲೆ ಈ ಗಾಡಿಯ ಗಾಲಿ ಮಡಚಿಕೊಂಡೇ ಇರುತ್ತೆ. ಟೈರು ನೆಲಕ್ಕೆ ಕಚ್ಚಿಕೊಂಡು ಹೊರಕ್ಕೆ ಸರಿಯಲು ಬಿಡುವುದಿಲ್ಲ. ನಾಲ್ಕೈದು ಮೀಟರ್ ಹಿಂದೆ ಮುಂದೆ ತಳ್ಳಿ, ಹಿಂಭಾಗ ಒತ್ತಿ ಕುಣಿಸಿ, ಆಮೇಲೆ ಅಳೆಯಬೇಕು. ಇಲ್ಲದಿದ್ದರೆ ಬರೋ ಲೆಕ್ಕ ಎಲ್ಲ ಸುಳ್ಳು.

ರಿಮ್ಮಿನ ಮೇಲಂಚು, ಕೆಳಂಚು ಎರಡೂ ದಾರದಿಂದ ಎಷ್ಟು ದೂರ ಅಂತ ಸ್ಕೇಲ್ ಹಿಡಿದು ನೋಡಿದೆ. 13 ಇಂಚಿನ ರಿಮ್ಮಿಗೆ ಸುಮಾರು 6 ಮಿಲಿಮೀಟರ್ ವ್ಯತ್ಯಾಸ ಅಂದರೆ ಒಂದು ಡಿಗ್ರಿ. ಎಡಗಾಲಿ 12 ಮಿಲಿಮೀಟರ್, ಬಲಗಾಲಿ 9. ಎರಡರ ತಲೆಯೂ ಹೊರಕ್ಕೆ. ನಿಂತಲ್ಲೇ ಎರಡು ಡಿಗ್ರಿ ಮಡಚಿದ ಗಾಲಿ ತಿರುವಿನಲ್ಲಿ ಏನು ಮಾಡೀತು?

ನಂಬಿಕೆ ಬರಲಿ ಅಂತ ಒಂದು ಪರೀಕ್ಷೆ ಮಾಡಿದೆ. 50 ಕಿಲೋದ ಎರಡು ತೊಗರಿ ಚೀಲ ಡಿಕ್ಕಿಯಲ್ಲಿ ಹಾಕಿ ಕಟ್ಟಿದೆ. ತೂಗುಗುಂಡು ಹಿಡಿದರೆ ಗಾಲಿ ಹೆಚ್ಚುಕಮ್ಮಿ ನೆಟ್ಟಗೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ಖಾಲಿ ಬಯಲಿಗೆ ಹೋಗಿ ದೊಡ್ಡ ಸುತ್ತು ಹಾಕಿದೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ. ಚೀಲ ಇದ್ದಾಗ ಕಾಲು ತೆಗೆದರೆ ಗಾಡಿ ಸ್ವಲ್ಪ ಒಳಕ್ಕೆ ಬಾಗಿತು, ಅಷ್ಟೇ. ಚೀಲ ಇಳಿಸಿದಾಗ ಅದೇ ಸುತ್ತಿನಲ್ಲಿ ಹಿಂಭಾಗ ಹೊರಟೇಬಿಟ್ಟಿತು. ಇಂಥದ್ದನ್ನು ರಸ್ತೆಯಲ್ಲಿ ಮಾಡಬೇಡಿ. ರಿಂಗ್ ರೋಡಿನಲ್ಲಂತೂ ಬೇಡವೇ ಬೇಡ.

ಗಾಡಿಯ ಬೆನ್ನು ಇಷ್ಟು ಎತ್ತರ ಆದದ್ದು ಹೇಗೆ? ಈ ಗಾಡಿಗೆ ಹಿಂದೆ ಒಂದೇ ಕಮಾನು, ಅಂದರೆ ಉಕ್ಕಿನ ಪಟ್ಟಾಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್, ಅಡ್ಡಲಾಗಿ, ಡಿಫರೆನ್ಷಿಯಲ್ ಮೇಲೆ ಕೂತಿರುತ್ತೆ. ಹಿಂದಿನ ಸೀಟು ಎತ್ತಿ ತಗಡಿನ ಮುಚ್ಚಳ ತೆಗೆದರೆ ಅದರ ನಟ್ಟುಗಳು ಕಾಣುತ್ತವೆ. ನೋಡಿದರೆ ಒಂದು ಪಟ್ಟಾ ಹೊಸದು, ಉಳಿದವು ಹಳೇವು. ಕಾಕಿ ನೆನಪಿಸಿಕೊಂಡರು: "ಹಿಂದ ಕುಂತ್‌ಬಿಟ್ಟಾದ ಅಂತ ನಿಮ್ಮ ಕಾಕಾ ಒಂದ್ ಪಟ್ಟಾ ಹಾಕ್ಸಿದ್ರಪ್ಪ. ರೋಡ್ ಹಂಪ್‌ಗೆ ತಾಗ್ತಿತ್ತು." ಕಮಾನ್ ಅಂಗಡಿಯವರು ಲಾರಿಗೆ ಮಾಡುವ ಹಾಗೆ ಮಾಡಿಕೊಟ್ಟಿದ್ದರು. ಲಾರಿಯ ಹಿಂದಿನ ಆಕ್ಸಲ್ ಒಂದೇ ದಂಡ. ಎಷ್ಟು ಎತ್ತಿದರೂ ಗಾಲಿ ನೆಟ್ಟಗೇ ಇರುತ್ತೆ. ಹೆರಾಲ್ಡಿಗೆ ಎತ್ತರ ಅಂದರೆ ವಾಲುವಿಕೆ. ಗಾಡಿ ಗತ್ತಿನಿಂದ ನಿಂತಿದೆ ಅಂತ ನಾನೇ ಎಷ್ಟೋ ಸಲ ಫೋಟೋ ತೆಗೆದಿದ್ದೆ!

ಇಷ್ಟಾದರೂ ಎಡಕ್ಕೆ ಬಲಕ್ಕೆ ಎಳೆಯೋದಕ್ಕೆ ಉತ್ತರ ಸಿಗಲಿಲ್ಲ. ಎತ್ತರದ ದೋಷವಾದರೆ ಎರಡೂ ಬದಿ ಒಂದೇ ರೀತಿ ಇರಬೇಕು. ಒತ್ತಿದಾಗ ಒಂದು ಕಡೆ, ಕಾಲು ತೆಗೆದಾಗ ಇನ್ನೊಂದು ಕಡೆ ಎಳೆದರೆ ಏನೋ ಸಡಿಲ ಇದೆ ಅಂತ ಅರ್ಥ.

ಹ್ಯಾಂಡ್‌ಬ್ರೇಕ್ ಹಾಕಿದೆ. ಅದು ಹಿಂಗಾಲಿಗಳನ್ನು ಹಿಡಿಯುತ್ತೆ. ಮಗನಿಗೆ ಗಾಡಿಯನ್ನು ಹಿಂದೆ ಮುಂದೆ ನೂಕಲು ಹೇಳಿ ನಾನು ಪಕ್ಕದಲ್ಲಿ ಬಗ್ಗಿ ಟಾರ್ಚ್ ಹಿಡಿದೆ. ಗಾಲಿ ಹಿಂದೆ ಮುಂದೆ ಹೋಗದಂತೆ ಹಿಡಿಯುವ ಸರಳು ಒಂದಿದೆ, ರೇಡಿಯಸ್ ಆರ್ಮ್. ಬಲಗಡೆಯದು ಅಲುಗಲಿಲ್ಲ. ಎಡಗಡೆಯದು ತನ್ನ ಬೋಲ್ಟಿನ ಸುತ್ತ ಅರ್ಧ ಸೆಂಟಿಮೀಟರ್ ಓಡಾಡುತ್ತಿತ್ತು. ಟಾಮಿ ಹಾಕಿ ಮೀಟಿದರೆ ಬುಷ್ಷಿನ, ಅಂದರೆ ಬೋಲ್ಟಿನ ಸುತ್ತ ಕೂರುವ ಬಳೆಯ, ರಬ್ಬರ್ ಪುಡಿಪುಡಿಯಾಗಿ ಉದುರಿತು. ನಮ್ಮ ಬೇಸಿಗೆಯಲ್ಲಿ ರಬ್ಬರ್ ಎಷ್ಟು ದಿನ ತಾಳುತ್ತೆ ಹೇಳಿ. ಎಕ್ಸಿಲರೇಟರ್ ಕೊಟ್ಟಾಗ ಆ ಗಾಲಿ ಮುಂದಕ್ಕೆ ಸರಿದು ಅದರ ಮೂಗು ಒಳಕ್ಕೆ ತಿರುಗುತ್ತಿತ್ತು. ಕಾಲು ತೆಗೆದಾಗ ಹಿಂದಕ್ಕೆ ಸರಿದು ಮೂಗು ಹೊರಕ್ಕೆ. ಅಂದರೆ ಹಿಂದೆಯೂ ಒಂದು ಸ್ಟೀರಿಂಗ್ ಇತ್ತು, ಅದು ನನ್ನ ಕೈಯಲ್ಲಿ ಇರಲಿಲ್ಲ. ಆ ಬಲ ತಿರುವಿನಲ್ಲಿ ಹೊರಗಿದ್ದದ್ದು ಇದೇ ಎಡಗಾಲಿ.

ಟಕ್ ಶಬ್ದಕ್ಕೂ ಆ ಬುಷ್ಷೇ ಕಾರಣ ಅಂದುಕೊಂಡೆ. ಪೂರ್ತಿ ಅಲ್ಲ. ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕೆಳಗಿನ ನೈಲಾನ್ ಬುಷ್ಷಿನಲ್ಲೂ ಆಟ ಸಿಕ್ಕಿತು. ಬೇರಿಂಗ್, ಯೂನಿವರ್ಸಲ್ ಜಾಯಿಂಟ್ ಎರಡೂ ಸರಿ ಇದ್ದವು.

ರಿಪೇರಿಗೆ ಕಪನೂರ ಕಡೆಯ ಒಬ್ಬ ಮಿಸ್ತ್ರಿಯನ್ನು ಕರೆದೆ. ಕೆಲಸ ಚೆನ್ನಾಗಿ ಗೊತ್ತಿದ್ದವನು, ಆದರೆ ಅವಸರದವನು. ಶಾಕ್ ಅಬ್ಸಾರ್ಬರಿನ ಬೋಲ್ಟ್ ಬಿಚ್ಚಲು ಹೊರಟವನನ್ನು ತಡೆದೆ. ಈ ಗಾಡಿಯಲ್ಲಿ ಗಾಲಿ ಕೆಳಗೆ ಜೋತು ಬೀಳದಂತೆ ತಡೆಯುವುದು ಅದೇ. ಹಬ್ಬಿನ ಕೆಳಗೆ ಜ್ಯಾಕ್ ಕೊಡದೆ ಬಿಚ್ಚಿದರೆ ಕಮಾನು ಗಾಲಿಯನ್ನು ಒದ್ದು ಕೆಳಗೆ ತಳ್ಳುತ್ತೆ. ಕೈ ಅಡ್ಡ ಇದ್ದರೆ ಮುಗಿಯಿತು. "ಇದೊಂದ್ ಗಾಡಿ ಬ್ಯಾರೆನೇ ಅದ ಬಿಡ್ರೀ" ಅಂದ.

ಕಮಾನು ಇಳಿಸಿ ಹೊಸ ಪಟ್ಟಾ ತೆಗೆದೆವು. ನೈಲಾನ್ ಬುಷ್ ಲೇತಿನವನ ಹತ್ತಿರ ಕಡೆಸಿದೆ. ರಬ್ಬರ್ ಬುಷ್ ಹೊರಗಿನಿಂದ ತರಿಸಿದೆ, ಎರಡೂ ಬದಿಗೆ. ಬೋಲ್ಟ್‌ಗಳನ್ನು ಗಾಡಿ ಮೇಲಿದ್ದಾಗ ಬಿಗಿಯಬಾರದು. ನೆಲಕ್ಕಿಳಿಸಿ, ತಳ್ಳಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂರುತ್ತೆ, ಬೇಗ ಹರಿಯುತ್ತೆ. ಕೊನೆಗೆ ಎರಡೂ ಬದಿ ದಾರ ಕಟ್ಟಿ ಗಾಲಿಯ ಮೂಗು ನೋಡಿದೆ. ರೇಡಿಯಸ್ ಆರ್ಮ್ ಬ್ರ್ಯಾಕೆಟ್ಟಿನ ಹಿಂದೆ ಶಿಮ್, ಅಂದರೆ ಸಂದಿಗೆ ಇಡುವ ತೆಳು ತಗಡುಗಳು, ಇರುತ್ತವೆ. ಅಂಗಡಿಯವರು ಇಲ್ಲ ಅಂದಿದ್ದ ಅಡ್ಜಸ್ಟ್ ಅದೇ. ಎಡಗಡೆ ಒಂದು ಶಿಮ್ ಬದಲಿಸಬೇಕಾಯಿತು.

ಈಗ ನಾನು ಕೂತಾಗ ಹಿಂಗಾಲಿಗಳ ತಲೆ 5 ಮಿಲಿಮೀಟರ್ ಒಳಕ್ಕಿದೆ. ಟೈರಿಗೆ ಮುಂದೆ 21, ಹಿಂದೆ 26 ಪಾಯಿಂಟ್ ಗಾಳಿ. ಮೊದಲು ನಾಲ್ಕಕ್ಕೂ 28 ಹಾಕುತ್ತಿದ್ದೆ, ಅದೂ ಒಂದು ತಪ್ಪೇ. ತಿರುವಿನಲ್ಲಿ ಕಾಲು ತೆಗೆದರೆ ಹಿಂಭಾಗ ಈಗಲೂ ಸ್ವಲ್ಪ ಹಗುರ ಆಗುತ್ತೆ. ಅದು ಸ್ವಿಂಗ್ ಆಕ್ಸಲಿನ ಹುಟ್ಟುಗುಣ. ಸ್ಪಿಟ್‌ಫೈರಿಗೆ ಅದನ್ನು ಕಡಿಮೆ ಮಾಡಲು 1970ರಲ್ಲಿ ಕಮಾನಿನ ಪಟ್ಟಾಗಳನ್ನೇ ತೂಗುವ ಹಾಗೆ ಬದಲಿಸಿದರು. ಮದ್ರಾಸಿನವರು 1972ರ ಗೆಜೆಲ್ ಕಾರಿನಲ್ಲಿ ಸ್ವಿಂಗ್ ಆಕ್ಸಲನ್ನೇ ಬಿಟ್ಟು ಲಾರಿಯ ಹಾಗೆ ಒಂದೇ ದಂಡ ಹಾಕಿದರು.

ಗಾಡಿ ನೋಡಿದವರೆಲ್ಲ "ಹಿಂದ ಕುಂತಾದಲ್ರೀ, ಪಟ್ಟಾ ಹಾಕ್ಸ್ರೀ" ಅನ್ನುತ್ತಾರೆ. ತೆಗೆದ ಪಟ್ಟಾ ಅಂಗಳದ ಗೇಟಿಗೆ ಅಡ್ಡ ಇಟ್ಟಿದ್ದೀನಿ, ತೋರಿಸ್ತೀನಿ. ಡಿಫರೆನ್ಷಿಯಲ್ ಮುಂದಿನ ರಬ್ಬರೂ ಸ್ವಲ್ಪ ಸೀಳಿದೆ, ಕ್ಲಚ್ ಬಿಟ್ಟಾಗ ಒಂದು ಸಣ್ಣ ಸದ್ದು ಬರುತ್ತೆ. ಬೇಸಿಗೆ ಮುಗಿದ ಮೇಲೆ ಅದರ ಕೆಳಗೆ ಮಲಗಬೇಕು.