ಮದುಮಗಳಿಗೆ ಖಾತೆ ತೆರೆದ ಕಥೆ: ನನ್ನ ಅನುಭವ

ಅಂತೂ ಮುಗಿಯಿತು. ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು', ಎರಡನೇ ಓದು, ಒಂದು ಸಾಲೂ ಹಾರಿಸದೆ. ಈ ಸಲ ಓದಿದಾಗ ನನಗೆ 55. ಮೊದಲ ಸಲ ಓದಿದ್ದು 1988ರಲ್ಲಿ, 20ರ ಹುಡುಗ. ನಡುವೆ ಮೂರು ಸಲ ಶುರು ಮಾಡಿ ಮೂರು ಸಲವೂ ಕೈಬಿಟ್ಟಿದ್ದೆ. ಹಾಗಾಗಿ ನಾಲ್ಕನೇ ಸಲ ಪುಸ್ತಕ ಇಳಿಸಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ಗೆಳೆಯನೊಬ್ಬ "ಮೇಗರವಳ್ಳಿ ದಾಟಲ್ಲ ನೀನು" ಅಂತ 500 ರೂಪಾಯಿ ಪಂದ್ಯ ಕಟ್ಟಿದ. ಮೇಗರವಳ್ಳಿ ಅಂದರೆ ಕಾದಂಬರಿಯಲ್ಲಿ ಬರುವ ಊರು, ಇನ್ನೂ ಶುರುವಿನ ಪುಟಗಳು. ಅಷ್ಟು ವಿಶ್ವಾಸ ನನ್ನ ಮೇಲೆ.

ಸೋತ ಕಥೆ ಮೊದಲು ಹೇಳಿಬಿಡ್ತೀನಿ, ಅದರಲ್ಲೇ ಪಾಠ ಜಾಸ್ತಿ ಇರೋದು.

2010ರಲ್ಲಿ ಮೈಸೂರಿನ ರಂಗಾಯಣದವರು ಈ ಕಾದಂಬರಿಯನ್ನು ರಾತ್ರಿಯಿಡೀ ನಾಟಕ ಮಾಡಿದರು, ಬಸವಲಿಂಗಯ್ಯನವರ ನಿರ್ದೇಶನ. ನೋಡಿದೆ. ನಡುವೆ ಎರಡು ಸಲ ತೂಕಡಿಸಿದೆ, ಸುಳ್ಳು ಯಾಕೆ ಹೇಳಲಿ. ಆ ಹುರುಪಿನಲ್ಲೇ ಪುಸ್ತಕ ತೆಗೆದೆ. 120 ಪುಟ ಆಗಿರಬೇಕು, ನಿಂತುಹೋಯಿತು. ಯಾರ ಹೆಸರು ಬಂದರೂ ನಟರ ಮುಖವೇ ಕಣ್ಣ ಮುಂದೆ. ಸಿಂಬಾವಿ ಹೆಗ್ಗಡೆಯ ಆಳು ಗುತ್ತಿ, ನನ್ನ ಗುತ್ತಿ, ಎಲ್ಲಿ ಹೋದ ಅಂತ ಹುಡುಕಿ ಸುಸ್ತಾಯಿತು.

ಎರಡನೇ ಸಲ, ಅದಾಗಿ ಆರೇಳು ವರ್ಷಕ್ಕೆ, ಟಾರ್ಗೆಟ್ ಹಾಕಿಕೊಂಡೆ. ದಿನಕ್ಕೆ 30 ಪುಟ, ಬೆಳಿಗ್ಗೆ ಐದಕ್ಕೆ ಅಲಾರಂ. ಆರನೇ ದಿನಕ್ಕೆ ಕಥೆ ಬಿಟ್ಟು ಪುಟ ಎಣಿಸ್ತಾ ಇದ್ದೆ. ಕಾಡಿನ ವರ್ಣನೆ ಬಂದರೆ ಸಿಟ್ಟು ಬರುತ್ತಿತ್ತು, 'ಇನ್ನೂ ಹನ್ನೊಂದು ಪುಟ ಬಾಕಿ' ಅಂತ. ಕುವೆಂಪು ಅವರ ಕಾಡಿನ ಮೇಲೆ ಸಿಟ್ಟು ಮಾಡಿಕೊಳ್ಳುವವನು ಇನ್ನೇನು ಓದಿಯಾನು?

ಮೂರನೆಯದು 2020ರ ಲಾಕ್‌ಡೌನಿನಲ್ಲಿ. ಪುಟಗಳ ಫೋಟೋ ತೆಗೆದು, ಫೋನಿನಿಂದಲೇ ಓದಿಸಿ, ಪಾತ್ರೆ ತೊಳೆಯುತ್ತಾ ಕೇಳೋದು ಅಂತ. ಆ ಯಂತ್ರದ ದನಿ ಮಲೆನಾಡಿನ ಜಗಳವನ್ನು ವಾರ್ತೆ ಓದಿದ ಹಾಗೆ ಓದಿತು. ಎರಡು ದಿನಕ್ಕೆ ಬಿಟ್ಟೆ. ಫೋಟೋ ತೆಗೆಯೋದಕ್ಕೇ ಒಂದು ವಾರ ಹಿಡಿದಿತ್ತು, ಅದು ಬೇರೆ.

ನಾಲ್ಕನೇ ಸಲ ಮೊದಲು ಮಾಡಿದ ಕೆಲಸ ಪುಸ್ತಕ ಹರಿದದ್ದು. ಬಯ್ಯಬೇಡಿ, ಆಗಲೇ ಸಾಕಷ್ಟು ಜನ ಬೈದಿದ್ದಾರೆ. ಏಳುನೂರು ಪುಟದ ಆಸುಪಾಸಿನ ಆ ದಪ್ಪ ಹಿಡಿದು ಮಲಗಿದರೆ ಮಣಿಕಟ್ಟು ನೋಯುತ್ತೆ. ಇಪ್ಪತ್ತರಲ್ಲಿ ಗೊತ್ತಾಗಿರಲಿಲ್ಲ. ಕಾಲೇಜು ದಿನಗಳ ಹಳೇ ಪ್ರತಿಯನ್ನು ಬೈಂಡಿಂಗ್ ಮಾಡುವವನಿಗೆ ಕೊಟ್ಟು, ಐದು ತೆಳು ಪುಸ್ತಕ ಮಾಡಿಸಿದೆ. 400 ರೂಪಾಯಿ. ಚೆನ್ನಾಗೇ ಮಾಡಿದ. ಆದರೆ ಅಂಚು ನೀಟಾಗಿರಲಿ ಅಂತ ಮೂರೂ ಕಡೆ ಕತ್ತರಿಸಿಬಿಟ್ಟ. ಅಂಚಿನಲ್ಲಿ ನಾನು 1988ರಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದೆಲ್ಲ ಅರ್ಧರ್ಧ ಹೋಯಿತು. ಅದರ ಕಥೆ ಆಮೇಲೆ. ನೀವು ಮಾಡಿಸುವುದಾದರೆ 'ಅಂಚು ಮುಟ್ಟಬೇಡ' ಅಂತ ಚೀಟಿ ಬರೆದು ಅಂಟಿಸಿ ಕೊಡಿ.

ಇನ್ನು ಖಾತೆ. ನಾನು 28 ವರ್ಷ ಸಾಲದ ವಿಭಾಗದಲ್ಲಿ ಲೆಜರ್ ಬರೆದವನು. ಈ ಕಾದಂಬರಿಯಲ್ಲಿ ಎಲ್ಲರೂ ಸೋಲುವುದು ಹೆಸರುಗಳಲ್ಲಿ ಅಲ್ವಾ? ಯಾರು ಯಾವ ಮನೆಯವರು, ಯಾರ ಆಳು ಯಾರು. ಅದಕ್ಕೆ ಒಂದು ಹಳೇ ಲೆಜರ್ ತೆಗೆದು ಒಬ್ಬೊಬ್ಬರಿಗೂ ಒಂದು ಖಾತೆ ತೆರೆದೆ. ಎರಡೇ ವಾರಕ್ಕೆ ಅರವತ್ತು ಖಾತೆ ದಾಟಿತು. ಹುಡುಕೋದೇ ಕೆಲಸ ಆಯಿತು. ಮೊದಲ ಪುಟದಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಹೇಳಿಬಿಟ್ಟಿದ್ದಾರೆ. ಹಾಗಾಗಿ ಯಾರ ಖಾತೆಯನ್ನೂ ಬಿಡುವ ಹಾಗಿಲ್ಲ.

ಒಂದು ಸಂಜೆ ಹೊಳೆಯಿತು. ಖಾತೆ ಜನರಿಗಲ್ಲ, ಮನೆಗಳಿಗೆ. ಕೋಣೂರು, ಹೂವಳ್ಳಿ, ಹಳೆಮನೆ, ಬೆಟ್ಟಳ್ಳಿ, ಸಿಂಬಾವಿ, ಕಲ್ಲೂರು, ಮೇಗರವಳ್ಳಿ. ಮನೆಗೊಂದು ಪುಟ, ಊರಿಗೊಂದು ಪುಟ. ಎಡಗಡೆ ಬಂದವರು, ಬಲಗಡೆ ಹೋದವರು. ಮೂರನೇ ಕಾಲಂ ಹೊತ್ತು: ಬೆಳಗೋ, ಬೈಗೋ, ನಡುರಾತ್ರಿಯೋ. ನಾಲ್ಕನೆಯದು ಬಾಕಿ: ಯಾರು ಯಾರಿಗೆ ಏನು ಕೊಡಬೇಕು. ದುಡ್ಡು ಮಾತ್ರ ಅಲ್ಲ, ಮಾತು, ಹಂಗು, ಹಗೆ ಎಲ್ಲವೂ. ಐದನೇ ಕಾಲಂ ಒಂದಿದೆ, ಅದನ್ನು ಹೇಳಲ್ಲ. ಅದು ನನ್ನ ಕಸುಬಿನ ಗುಟ್ಟು.

ಈ ಕಾದಂಬರಿಗೆ ಇದು ಯಾಕೆ ಒಗ್ಗುತ್ತೆ ಅಂದರೆ, ಇದರಲ್ಲಿ ಜನ ನಡೀತಾನೇ ಇರ್ತಾರೆ. ಒಂದು ಮನೆಯಿಂದ ಹೊರಟವನು ಇನ್ನೊಂದು ಮನೆ ಸೇರುವಷ್ಟರಲ್ಲಿ ಕಥೆ ಎರಡು ಮಗ್ಗುಲು ಬದಲಾಯಿಸಿರುತ್ತೆ. ದಿನಾ ರಾತ್ರಿ ಟ್ಯಾಲಿ ಮಾಡುತ್ತಿದ್ದೆ. ಒಂದು ಕಡೆ ಹೋದವರು ಇನ್ನೊಂದು ಕಡೆ ಬಂದಿರಬೇಕು. ಒಂದು ಸಲ ಐತ, ಅವನ ಹೆಂಡತಿ ಪೀಂಚಲು ಇಬ್ಬರೂ ಎರಡು ದಿನ ಟ್ಯಾಲಿ ಆಗಲಿಲ್ಲ. ಹಿಂದಿನ 40 ಪುಟ ತಿರುವಿ ಹಾಕಿದೆ. ನೋಡಿದರೆ ಕೋಣೂರಿಗೆ ಹಾಕುವ ಎಂಟ್ರಿಯನ್ನು ಬೆಟ್ಟಳ್ಳಿಗೆ ಹಾಕಿದ್ದೆ. ಆ ತಿರುವಿ ಹಾಕಿದ 40 ಪುಟದಲ್ಲಿ ಕಂಡಷ್ಟು ಮೊದಲ ಸಲ ಕಂಡೇ ಇರಲಿಲ್ಲ.

ಸರಾಸರಿ ದಿನಕ್ಕೆ ಏಳು ಪುಟ. ಆಷಾಢದಲ್ಲಿ ಶುರು ಮಾಡಿದ್ದು ದೀಪಾವಳಿ ಕಳೆದು ಒಂದು ವಾರಕ್ಕೆ ಮುಗಿಯಿತು.

ಮಾತುಕತೆ ಬರುವ ಜಾಗಗಳನ್ನು ಗಟ್ಟಿಯಾಗಿ ಓದಬೇಕು, ಇದು ತಪ್ಪಿಸಲೇಬಾರದು. ನಾನು ಬಯಲುಸೀಮೆಯವನು, ಆ ಮಾತು ನನ್ನ ಬಾಯಲ್ಲಿ ಕುಂಟುತ್ತೆ. ಅತ್ತೆ ಮಲೆನಾಡಿನವರು, ಎಂಬತ್ತರ ಹತ್ತಿರ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅಡುಗೆಮನೆಯಿಂದಲೇ ಕೇಳಿಸಿಕೊಂಡು "ಹಂಗಲ್ಲ ಅದು" ಅಂತ ತಿದ್ದಲು ಶುರು ಮಾಡಿದರು. ಮೂರನೇ ದಿನಕ್ಕೆ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಹಳು, ಹಕ್ಕಲು, ಮುಂಡಿಗೆ, ನಿಘಂಟಿಗೆ ಕೈ ಹಾಕುವ ಮೊದಲೇ ಅರ್ಥ ಬಂದು ಬೀಳುತ್ತಿತ್ತು. ಕಂಬಳಿಕೊಪ್ಪೆ ಅಂದರೆ ಕಂಬಳಿ ಹೊದೆಯೋದು ಅಂತ ಅಷ್ಟು ವರ್ಷ ಅಂದುಕೊಂಡಿದ್ದೆ. ಅತ್ತೆ ನನ್ನ ಸ್ನಾನದ ಟವೆಲ್ ತೆಗೆದುಕೊಂಡು, ಒಂದು ಮೂಲೆ ಒಳಗೆ ಮಡಚಿ ಚೂಪು ಮಾಡಿ, ತಲೆ ಮೇಲೆ ಕವುಚಿಕೊಂಡು ಎದ್ದು ನಿಂತರು. ಬೆನ್ನ ಮೇಲೆ ನೀರು ಜಾರಿಹೋಗಬೇಕು, ಎರಡೂ ಕೈ ಖಾಲಿ ಇರಬೇಕು. "ಕೊಪ್ಪೆ ಹಾಕ್ದೋರು ತಲೆ ಎತ್ತಿ ನಡೆಯಾಕಾಗಲ್ಲ" ಅಂದರು. ಅಂದಿನಿಂದ ಗುತ್ತಿ ನನ್ನ ಕಣ್ಣಿಗೆ ಬಗ್ಗಿಯೇ ನಡೆಯುತ್ತಾನೆ.

ಗುತ್ತಿಯ ವಿಷಯಕ್ಕೇ ಬಂದರೆ, ಇಪ್ಪತ್ತರಲ್ಲಿ ಅವನು ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ನನಗೆ ಸಾಹಸದ ಕಥೆ. ಶಿಳ್ಳೆ ಹೊಡೆಯುವುದೊಂದು ಬಾಕಿ. ಈ ಸಲ ನಾಲ್ಕನೇ ಕಾಲಂ ಕಣ್ಣಿಗೆ ಚುಚ್ಚಿತು. ಅವನು ಒಡೆಯರಿಗೆ ಕೊಡಬೇಕಾದ್ದು ಸಾಲುಸಾಲು ಇದೆ. ಅವನಿಗೆ ಬರಬೇಕಾದ್ದು ಅಂತ ನಾನು ಬರೆದ ಒಂದು ಎಂಟ್ರಿಯೂ ಇಲ್ಲ. 28 ವರ್ಷ ಲೆಕ್ಕ ಬರೆದವನಿಗೆ ಇಂಥ ಖಾತೆ ಎಲ್ಲೂ ಸಿಕ್ಕಿರಲಿಲ್ಲ. ರಂಗಮ್ಮನ ಭಾಗದ ಅಂಚಿನಲ್ಲಿ 'ಬೋರ್' ಅಂತ ಗೀಚಿದ್ದೆ, ಅದು ಕತ್ತರಿಗೆ ಸಿಗದೆ ಪೂರ್ತಿ ಉಳಿದಿದೆ, ನನ್ನ ಗ್ರಹಚಾರಕ್ಕೆ. ತಿರುಪತಿಗೆ ಹೋದ ಗಂಡ ಬರಲಿಲ್ಲ ಅಂತ ಬುದ್ಧಿ ಕದಡಿಕೊಂಡು ಕಾಯುವ ಹೆಂಗಸು ಅವಳು. ಆ ಪುಟ ಓದುವಾಗ ಅತ್ತೆಗೆ ಕಾಣದ ಹಾಗೆ ಅಂಚಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೆ.

ಈಗ ಆ ಕತ್ತರಿಸಿದ ಅಂಚಿನ ಕಥೆ. ಹೂವಳ್ಳಿ ವೆಂಕಟಣ್ಣ ಸಾಲದ ಸುಳಿಗೆ ಸಿಕ್ಕಿ, ಮಗಳು ಚಿನ್ನಮ್ಮನನ್ನು ಸಿಂಬಾವಿ ಭರಮೈ ಹೆಗ್ಗಡೆಗೆ ಎರಡನೇ ಹೆಂಡತಿಯಾಗಿ ಕೊಡಲು ಒಪ್ಪುತ್ತಾನಲ್ಲ, ಅಲ್ಲಿ ಎಡಪುಟದ ಅಂಚಿನಲ್ಲಿ ಏನೋ ಒಂದು ಪದ ಬರೆದಿದ್ದೆ. ಕತ್ತರಿಸಿ ಉಳಿದದ್ದು 'ಷ್ಟ' ಮಾತ್ರ. 'ದುಷ್ಟ' ಅಂತಲೇ ಬರೆದಿರುತ್ತೇನೆ. ಇಪ್ಪತ್ತರ ಹುಡುಗ ಚಿನ್ನಮ್ಮನನ್ನು ಮೆಚ್ಚಿದ ಮುಕುಂದಯ್ಯನ ಕಡೆ ಇರುತ್ತಾನೆ, ಇನ್ನೇನು ಬರೀತಾನೆ?

ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಕೈಗಳನ್ನು ನಾನು ಮೇಜಿನ ಈ ಕಡೆ ಕೂತು ನೋಡಿದ್ದೇನೆ. ಹೆಬ್ಬೆಟ್ಟು ಒತ್ತುವಾಗ ಬೆರಳು ಹೇಗೆ ಗಟ್ಟಿಯಾಗುತ್ತೆ ಅಂತ ಗೊತ್ತು. ಅದೂ ಅಲ್ಲದೆ, ನಾಲ್ಕು ವರ್ಷದ ಹಿಂದೆ ಮಗಳಿಗೆ ಒಂದು ಸಂಬಂಧ ಬಂದಾಗ, ಅವಳನ್ನು ಕೇಳುವ ಮೊದಲೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. ಹುಡುಗನ ಮನೆಯವರು ಏನೂ ಕೇಳಿರಲಿಲ್ಲ, ಖರ್ಚು ಉಳಿಯುತ್ತಿತ್ತು. ಅವಳು ಬೇಡ ಅಂದಳು, ನಾನು ಒಂದು ವಾರ ಮಾತು ಬಿಟ್ಟೆ. ಈಗ ಆ 'ಷ್ಟ' ನೋಡಿದರೆ ಅದು ದುಷ್ಟವೋ, ಕಷ್ಟವೋ, ನಷ್ಟವೋ ಅಂತ ಅನುಮಾನ. ಕತ್ತರಿಸಿಹೋದ ಮೊದಲ ಅಕ್ಷರ ತುಂಬಿಸೋಣ ಅಂತ ಪೆನ್ಸಿಲ್ ತೆಗೆದೆ. ತುಂಬಿಸಲಿಲ್ಲ. ಹಾಗೇ ಇದೆ.

ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಒಂದು ಭಾನುವಾರ ಗುತ್ತಿಯ ನಾಯಿ 'ಹುಲಿಯ' ಬರುವ ಭಾಗ ಮಾತ್ರ ಆರಿಸಿ ಓದಿದೆ, ನಾಯಿಯ ಕಾದಂಬರಿ ಅನ್ನೋ ಹಾಗೆ. ಕಥೆ ಅರ್ಧಂಬರ್ಧ ಆಯಿತು, ಆದರೆ ಶುರುವಿನಲ್ಲಿ ಗುತ್ತಿಯ ಹಿಂದೆ ಕಲ್ಲುಸಾರದ (ಹೊಳೆ ದಾಟುವ ಕಲ್ಲುಗಳ ಸಾಲು) ಮೇಲೆ ತುಂಗೆ ದಾಟುವ ನಾಯಿ ಕೊನೆಗೂ ಅದೇ ತುಂಗೆಗೆ ಬಂದು ನಿಲ್ಲುತ್ತದೆ ಅನ್ನೋದು ಹೀಗೆ ಓದಿದಾಗಲೇ ತಲೆಗೆ ಹೋಗಿದ್ದು. 1936ರ 'ಕಾನೂರು ಹೆಗ್ಗಡಿತಿ'ಗೂ ಇದೇ ಖಾತೆ ತೆರೆದು ನೋಡಿದೆ. ಅಷ್ಟು ಕೆಲಸ ಮಾಡಲಿಲ್ಲ. ಅದು ಒಂದು ಮನೆ ಹಿಡಿದು ನಡೆಯುವ ಕಥೆ, ಲೆಜರ್ ಬೇಕಿಲ್ಲ. 1967ರ ಮದುಮಗಳಿಗೇ ಇದು ಸರಿ. ನಾಲ್ಕು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದನ್ನೂ ಮಾಡಿದೆ. ಪುಟ ಹೋಳಿ ಆಡಿದ ಹಾಗೆ ಆಯಿತು, ಬಿಟ್ಟೆ.

ಶ್ರಾವಣದಲ್ಲಿ ತೀರ್ಥಹಳ್ಳಿಗೆ ಹೋಗಿಬಂದೆವು, ಕಲ್ಲುಸಾರ ನೋಡಲು. ದಡ್ಡತನ. ಹೊಳೆ ತುಂಬಿತ್ತು, ಕಲ್ಲೂ ಇಲ್ಲ, ಸಾರವೂ ಇಲ್ಲ, ಕೆಂಪು ನೀರು. ಕಮಾನು ಸೇತುವೆಯ ಮೇಲೆ ಹತ್ತು ನಿಮಿಷ ನಿಂತೆವು. ಬೇಸಗೆಯಲ್ಲಿ ಹೋಗಿ. ಅಲ್ಲಿಂದ ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿಗೆ ಬಸ್ಸಿನಲ್ಲಿ ಅರ್ಧವೋ ಮುಕ್ಕಾಲೋ ಗಂಟೆ. ಬಸ್ಸಿಳಿದ ತಕ್ಷಣ ಗೆಳೆಯನಿಗೆ ಫೋಟೋ ಕಳಿಸಿದೆ, 'ಮೇಗರವಳ್ಳಿ ದಾಟಿದೆ' ಅಂತ. ಉತ್ತರ ಬರಲಿಲ್ಲ.

ಖರ್ಚು, ನೆನಪಿದ್ದಷ್ಟು: ಬೈಂಡಿಂಗ್ 400, ಆಮೇಲೆ ಹೊಟ್ಟೆಯುರಿಗೆ ಕೊಂಡ ಹೊಸ ಪ್ರತಿ 500ರ ಮೇಲೆ ಚಿಲ್ಲರೆ, ಓದುವ ಕನ್ನಡಕ 2,800, ದೀಪ 650, ತೀರ್ಥಹಳ್ಳಿ ಪ್ರವಾಸ ಮೂವರಿಗೆ 6,000. ಹತ್ತು ಸಾವಿರ ದಾಟಿತು. "ಮನೇಲೇ ಇದ್ದ ಪುಸ್ತಕಕ್ಕೆ" ಅಂತ ಹೆಂಡತಿ ಈಗಲೂ ಹೇಳ್ತಾಳೆ. ಕನ್ನಡಕ ಹೇಗೂ ಬೇಕಿತ್ತು, ಅದನ್ನು ಸೇರಿಸಬಾರದು ಅನ್ನೋದು ನನ್ನ ವಾದ.

ಕೊನೆಯ ಭಾಗಕ್ಕೆ ಬಂದಾಗ ಮಾತ್ರ ನಾನು ಮೂರು ದಿನ ನಿಲ್ಲಿಸಿದೆ. ದೋಣಿ, ಮಳೆ, ಉಕ್ಕಿದ ಹೊಳೆ. ಹುಲಿಯನಿಗೆ ಏನಾಗುತ್ತೆ ಅಂತ ನನಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಹಿಂದಿನ ರಾತ್ರಿ "ನಾಯೀನೂ ದಡ ಸೇರ್ತದಲ್ಲಾ?" ಅಂತ ಕೇಳಿದ್ದರು. ಗಂಟಲು ಸರಿಯಿಲ್ಲ ಅಂತ ನೆಪ ಹೇಳಿದೆ. ನಾಲ್ಕನೇ ದಿನ ಐದನೇ ಭಾಗ ಹುಡುಕಿದರೆ ಕಪಾಟಿನಲ್ಲಿ ಇಲ್ಲ. ಅತ್ತೆಯ ದಿಂಬಿನ ಪಕ್ಕ ಇತ್ತು, ಕನ್ನಡಕದ ಸಮೇತ, ನನ್ನ 2,800ರದ್ದು. ಅವರು ಏನೂ ಹೇಳಲಿಲ್ಲ. ಸಂಜೆ ಕುರ್ಚಿ ಎಳೆದುಕೊಂಡು ಕೂತು "ಇವತ್ತು ಓದಲ್ವಾ?" ಅಂದರು. ಓದಿದೆ. ಎಲ್ಲೂ ತಿದ್ದಲಿಲ್ಲ ಅವತ್ತು.

ಲೆಜರ್ ಈಗ ಅವರ ಹತ್ತಿರ ಇದೆ. ಕೋಣೂರಿನ ಪುಟದಲ್ಲಿ ನಾನು ಹಾಕಿದ ಎರಡು ಎಂಟ್ರಿಗಳನ್ನು ಹೊಡೆದುಹಾಕಿದ್ದಾರೆ. ಪರಿಶೀಲಿಸಿದೆ, ಅವರದ್ದೇ ಸರಿ. ಮೇಷ್ಟ್ರು ಗೆಳೆಯ ಮೊನ್ನೆ ಬಂದು, ತಾನೂ ಶುರು ಮಾಡ್ತೀನಿ, ಮನೆಪುಟಗಳ ಜೆರಾಕ್ಸ್ ಕೊಡು, ಐದನೇ ಕಾಲಂ ಸಮೇತ ಅಂದ. ಮೊದಲು ಆ 500 ಇಳಿಸು ಅಂದೆ.