ಮನೆಯಲ್ಲಿ ಚಾಕೊಲೇಟ್ ಅದ್ದಿದ ಬೆಣ್ಣೆ ಬಿಸ್ಕತ್ತು: ನನ್ನ ಅನುಭವ

ಕೋಕೋ ಗಿಡಕ್ಕೆ ಹಿತವಾದ ಸೆಕೆಯೂ ತೇವವೂ ಸಿದ್ಧ ಚಾಕೊಲೇಟಿಗೆ ಆಗಿಬರುವುದಿಲ್ಲ. ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುವ, 1986ರಿಂದ ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯಿರುವ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಚಾಕೊಲೇಟ್ ಅದ್ದಿದ ಬಿಸ್ಕತ್ತು ಮಾಡಲು ಹೊರಟವರು ಮೊದಲು ಲೆಕ್ಕ ಹಾಕಬೇಕಾದದ್ದು ಇದನ್ನೇ. ಆದ್ದರಿಂದ ನಾನು ಅದ್ದುವ ಕೆಲಸವನ್ನು ಡಿಸೆಂಬರ್, ಜನವರಿ ತಿಂಗಳ ಮುಂಜಾನೆಗೆ ಇಟ್ಟುಕೊಳ್ಳುತ್ತೇನೆ. ಉಳಿದ ತಿಂಗಳುಗಳಲ್ಲಿ ಎ.ಸಿ. ಇರುವ ಕೋಣೆಯಲ್ಲೇ ಮಾಡುತ್ತೇನೆ.

ಬಿಸ್ಕತ್ತಿನ ಅಳತೆ ಸುಲಭ: 100 ಗ್ರಾಂ ಪುಡಿ ಸಕ್ಕರೆ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, 300 ಗ್ರಾಂ ಮೈದಾ. ನಾನ್‌ಖಟಾಯಿ ರುಚಿಯಲ್ಲಿ ಕಡಿಮೆಯೇನಲ್ಲ, ಆದರೆ ಅದು ಅದ್ದುವಾಗಲೇ ಪುಡಿಯುದುರಿಸಿ ಚಾಕೊಲೇಟನ್ನು ಕೆಡಿಸುತ್ತದೆ. ಹಿಟ್ಟನ್ನು ಹೆಚ್ಚು ನಾದದೆ ಕೂಡಿಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟ ಬಳಿಕ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ, ಅಂದರೆ ಸುಮಾರು 18ರಿಂದ 20 ನಿಮಿಷ, ಬೇಯಿಸುತ್ತೇನೆ. ಅದ್ದುವ ಮುನ್ನ ಬಿಸ್ಕತ್ತು ಪೂರ್ತಿ ಆರಿರಬೇಕು.

ಇನ್ನು ಚಾಕೊಲೇಟ್. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಕಾಂಪೌಂಡ್ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಅದನ್ನು ಸುಮ್ಮನೆ ಕರಗಿಸಿ ಅದ್ದಿದರೂ ಗಟ್ಟಿಯಾಗುತ್ತದೆ. ಆದರೆ ನಾಲಿಗೆಯ ಮೇಲೆ ಮೇಣದಂತೆ ಉಳಿಯುವ ಅದರ ಗುಣ ನನಗೆ ಒಗ್ಗುವುದಿಲ್ಲ. ಪ್ಯಾಕೆಟ್ಟಿನ ಹಿಂಬದಿಯಲ್ಲಿ ಕೊಬ್ಬಿನ ಜಾಗದಲ್ಲಿ ಕೋಕೋ ಬೆಣ್ಣೆಯೊಂದನ್ನೇ ನಮೂದಿಸಿದ ಚಾಕೊಲೇಟನ್ನು ಕೊಂಡರೆ ಟೆಂಪರಿಂಗ್ ಮಾಡಲೇಬೇಕಾಗುತ್ತದೆ. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಹೊಳಪನ್ನೂ, ಮುರಿದಾಗ ಟಕ್ಕೆನ್ನುವ ಗಟ್ಟಿತನವನ್ನೂ ಕೊಡುವುದು ಅವುಗಳಲ್ಲಿ ಐದನೆಯ ಬಗೆ. ಟೆಂಪರಿಂಗ್ ಎಂದರೆ ಆ ಹರಳು ಮಾತ್ರ ಉಳಿಯುವಂತೆ ಶಾಖವನ್ನು ಏರಿಳಿಸುವುದು.

300 ಗ್ರಾಂ ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, 200 ಗ್ರಾಂ ಅನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬೋಗುಣಿಯಲ್ಲಿ, ತಳಕ್ಕೆ ನೀರು ತಾಗದಂತೆ ನೋಡಿಕೊಂಡು, 45 ಡಿಗ್ರಿಗೆ ತರುತ್ತೇನೆ. ಹಬೆಯ ಒಂದೆರಡು ಹನಿ ಬಿದ್ದರೂ ಸಕ್ಕರೆ ಮತ್ತು ಕೋಕೋ ಕಣಗಳು ಒಂದಕ್ಕೊಂದು ಅಂಟಿ ಚಾಕೊಲೇಟ್ ಮುದ್ದೆಯಾಗುವುದರಿಂದ ಬೋಗುಣಿಯನ್ನು ಇಳಿಸಿದ ಕೂಡಲೇ ಅದರ ತಳವನ್ನು ಒರೆಸಬೇಕು. ಉಳಿದ 100 ಗ್ರಾಂ ಅನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ, ಕೈಬಿಡದೆ ಕಲಕುತ್ತ, 28 ಡಿಗ್ರಿಗೆ ಇಳಿಸಿ, ಮತ್ತೆ 31ಕ್ಕೆ ಏರಿಸುತ್ತೇನೆ. ಹಾಲಿನ ಚಾಕೊಲೇಟಿಗೆ ಇವೆರಡೂ ಒಂದೆರಡು ಡಿಗ್ರಿ ಕಡಿಮೆಯಿರಬೇಕು. ಅಡುಗೆಯ ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಿ ಎಂದು ನಾನು ಯಾರಿಗೂ ಹೇಳಲಾರೆ. ಚಾಕುವಿನ ತುದಿಗೆ ಸವರಿದ ಚಾಕೊಲೇಟ್ ತಂಪಾದ ಕೋಣೆಯಲ್ಲಿ ಐದು ನಿಮಿಷದೊಳಗೆ ಹೊಳಪಿನೊಂದಿಗೆ ಬಿಗಿದರೆ ಅದ್ದಲು ಹದವಾಗಿದೆ ಎಂದರ್ಥ.

ಬಿಸ್ಕತ್ತನ್ನು ಅರ್ಧದವರೆಗೆ ಅದ್ದಿ, ಮೆಲ್ಲನೆ ಕೊಡವಿ, ಅಡಿಭಾಗವನ್ನು ಬೋಗುಣಿಯ ಅಂಚಿಗೆ ಸವರಿ ಬಟರ್ ಪೇಪರಿನ ಮೇಲಿಡುತ್ತೇನೆ. ಹಾಗೆ ಸವರದಿದ್ದರೆ ಸುತ್ತಲೂ ಚಾಕೊಲೇಟ್ ಹರಡಿ ಗಟ್ಟಿಯಾಗಿ ನೋಟ ಕೆಡುತ್ತದೆ. ಬೇಗ ಬಿಗಿಯಲೆಂದು ಫ್ರಿಜ್ಜಿನಲ್ಲಿ ಬಹಳ ಹೊತ್ತು ಇಡುವುದು ನಮ್ಮ ಕರಾವಳಿಗೆ ಹೇಳಿಸಿದ್ದಲ್ಲ: ಹೊರತೆಗೆದಾಗ ಮೇಲೆ ಕೂರುವ ನೀರಿನ ಪಸೆ ಸಕ್ಕರೆಯನ್ನು ಕರಗಿಸಿ, ಒಣಗಿದ ಮೇಲೆ ಬಿಳಿಯ ಒರಟು ಪದರವನ್ನು ಬಿಡುತ್ತದೆ. ಬೆರಳಿನಿಂದ ಉಜ್ಜಿದಾಗ ಕರಗಿ ಮಾಯವಾಗುವ ಬಿಳುಪು ಕೊಬ್ಬಿನದು; ಅದು ಕಂಡರೆ ಟೆಂಪರಿಂಗ್ ಸರಿಯಾಗಿಲ್ಲ ಅಥವಾ ಡಬ್ಬಿಗೆ ಸೆಕೆ ತಾಗಿದೆ ಎಂದು ತಿಳಿಯಬೇಕು. ಎರಡನ್ನೂ ತಿನ್ನಲು ಅಡ್ಡಿಯಿಲ್ಲ.

ಬೋಗುಣಿಯಲ್ಲಿ ಉಳಿದ ಚಾಕೊಲೇಟಿಗೆ ಹುರಿದ ಗೇರುಬೀಜದ ಚೂರುಗಳನ್ನು ಬೆರೆಸಿ ಅದೇ ಪೇಪರಿನ ಮೇಲೆ ಚಮಚದಿಂದ ಹಾಕಿಬಿಡುತ್ತೇನೆ. ಬಿಸ್ಕತ್ತಿನ ಪುಡಿ ಸೇರಿದ ಚಾಕೊಲೇಟನ್ನು ಮುಂದಿನ ಸಲಕ್ಕೆಂದು ತೆಗೆದಿಡುವುದರಲ್ಲಿ ಅರ್ಥವಿಲ್ಲ.