ವಾಲ್ವ್ ಘಟಕದ ಡ್ರಾಯಿಂಗ್‌ಗಳಿಗೆ ನಾನು ಸಾಫ್ಟ್‌ವೇರ್ ಆರಿಸಿದ್ದು

ಡ್ರಾಯಿಂಗ್, ದಾಖಲೆಗಳ ಯಾವ ಆವೃತ್ತಿ ಈಗಿನದು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಬೇಕಿತ್ತು. ಡೆಮೊದಲ್ಲಿ ಎಲ್ಲ ಸಾಫ್ಟ್‌ವೇರೂ ಚೆಂದವೇ. ಅದಕ್ಕೇ ಮಾರುವವರ ಮಾದರಿ ಫೈಲ್ ಪಕ್ಕಕ್ಕಿಟ್ಟು, ನಮ್ಮನ್ನು ಹೆಚ್ಚು ಕಾಡುವವನ್ನೇ ಹಾಕಿ ನೋಡಿದೆ: ಗೇಟ್ ವಾಲ್ವಿನ ಆಟೋಕ್ಯಾಡ್ ಡ್ರಾಯಿಂಗ್, ವರ್ಡ್‌ನಲ್ಲಿದ್ದ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ವಿಧಾನ, ಕನ್ನಡ ಟೈಪಿಂಗಿನ ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಆಪರೇಟರ್ ಸೂಚನೆ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಘಟಕದಲ್ಲಿ ಟೆಸ್ಟ್ ಬೆಂಚಿನವರು ಎರಡು ಹಾಳಿ ಹಿಡಕೊಂಡು ಬಂದು, "ಸರ್, ಇದರಾಗ ಖರೇ ಯಾವ್ದ್ರೀ?" ಅಂತ ಕೇಳೋದು ನಿಲ್ಲಬೇಕಿತ್ತು. ನನ್ನ ಬೇಡಿಕೆ ಅಷ್ಟೇ.

ಹೊಸ ಹುಡುಗರು ಹೇಳಿದ್ದು ಗಿಟ್, ಪ್ರೋಗ್ರಾಮರ್‌ಗಳು ಕೋಡಿನ ಆವೃತ್ತಿ ಕಾಯಲು ಬಳಸುವಂಥದ್ದು. ಕೋಡ್‌ಗೆ ಅದರಂಥದ್ದು ಇನ್ನೊಂದಿಲ್ಲ, ಒಪ್ಪಿದೆ. ಆದರೆ ವರ್ಡ್ ಫೈಲ್, ಡ್ರಾಯಿಂಗ್ ಎರಡೂ ಅದಕ್ಕೆ ಬೈನರಿ, ಅಂದರೆ ಸಾಲು ಸಾಲಾಗಿ ಓದಲಾಗದ ಫೈಲ್. ಇಬ್ಬರು ಒಂದೇ ಡ್ರಾಯಿಂಗ್ ತಿದ್ದಿದರೆ ಕೂಡಿಸಿ ಕೊಡಲಾರದು. ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಕರಡನ್ನು 1.1, ಒಪ್ಪಿಗೆಯಾದದ್ದನ್ನು 2.0 ಎಂದು ಬೇರೆ ಇಡುತ್ತದೆ, ಒಬ್ಬರು ತಿದ್ದುವಾಗ ಇನ್ನೊಬ್ಬರನ್ನು ತಡೆಯುವ ಚೆಕ್-ಔಟ್ ಕೂಡ ಇದೆ. ನನಗೆ ಹಿಡಿಸಿತ್ತು. ತಲೆಗಿಷ್ಟು ಅಂತ ತಿಂಗಳ ಬಾಡಿಗೆ ಎಂದಾಗ ಮಾಲೀಕರು ಕ್ಯಾಲ್ಕುಲೇಟರ್ ತೆಗೆದರು, ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು ಆವೃತ್ತಿಗಳನ್ನು ಒಂದು ಸರ್ವರಿನಲ್ಲಿ ಇಡುವ ಸಬ್‌ವರ್ಷನ್, ಅದರ ಜೊತೆಗೆ ಅದನ್ನು ವಿಂಡೋಸ್‌ನಲ್ಲಿ ಮೌಸಿನಿಂದಲೇ ಬಳಸಲು ಟಾರ್ಟಾಯ್ಸ್‌ಎಸ್‌ವಿಎನ್. ಎರಡೂ ಉಚಿತ. ಹಳೇ ಮಾದರಿ ಅಂತ ಹುಡುಗರು ಮುಖ ಸಿಂಡರಿಸಿದರು. ನನಗೆ ಬೇಕಿದ್ದದ್ದು ಮಾತ್ರ ಅದರಲ್ಲೇ ಇತ್ತು: 'ನೀಡ್ಸ್-ಲಾಕ್' ಗುಣ ಹಚ್ಚಿದ ಫೈಲ್ ಓದಲಷ್ಟೇ ತೆರೆಯುತ್ತದೆ. ತಿದ್ದಬೇಕಾದವರು ಬೀಗ ಪಡೆಯಬೇಕು. ಅವರು ಬಿಡುವತನಕ ಇನ್ನೊಬ್ಬರಿಗೆ ಆ ಬೀಗ ಸಿಗದು. ತಿದ್ದಿದ್ದನ್ನು ಕಮಿಟ್ ಮಾಡಿದೊಡನೆ, ಅಂದರೆ ಸರ್ವರಿಗೆ ಸೇರಿಸಿದೊಡನೆ, ಬೀಗ ತಾನೇ ಬಿಡುತ್ತದೆ. ವರ್ಡ್ ಫೈಲಿನ ಎರಡು ಆವೃತ್ತಿ ಹೋಲಿಸಲು ಟಾರ್ಟಾಯ್ಸ್ ವರ್ಡನ್ನೇ ತೆರೆದು ವ್ಯತ್ಯಾಸ ತೋರಿಸುತ್ತದೆ.

ಹಳೇ ನುಡಿ ಫೈಲ್ ಮಾತ್ರ ಎಲ್ಲರನ್ನೂ ಸೋಲಿಸಿತು. ಯೂನಿಕೋಡ್ ಅಲ್ಲದ ಆ ಕಡತದೊಳಗೆ ಇರೋದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡವಾಗಿ ತೋರಿಸೋದು ಫಾಂಟಿನ ಕೈಚಳಕ. 'ಒತ್ತಡ' ಅಂತ ಯೂನಿಕೋಡ್‌ನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಎಷ್ಟು ದುಡ್ಡು ಸುರಿದರೂ ಆವೃತ್ತಿ ಕಾಯುವ ಯಾವ ಸಾಫ್ಟ್‌ವೇರೂ ಇದನ್ನು ಸರಿ ಮಾಡದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳ ಮೇಲೆ ಕಣ್ಣಾಡಿಸಿ, ಆಮೇಲೆಯೇ ಒಳಗೆ ಹಾಕಿದೆವು.

ಒಪ್ಪಿಗೆ ಹಾಕಿಸುವ ವ್ಯವಸ್ಥೆ ಸಬ್‌ವರ್ಷನ್‌ನಲ್ಲಿಲ್ಲ. 'ಬಿಡುಗಡೆ' ಅಂತ ಒಂದು ಫೋಲ್ಡರ್ ಮಾಡಿ, ಬರೆಯುವ ಹಕ್ಕನ್ನು ಗುಣಮಟ್ಟ ವಿಭಾಗದ ಮುಖ್ಯಸ್ಥರಿಗಷ್ಟೇ ಕೊಟ್ಟೆವು. ಶಾಪಿಗೆ ಹೋಗುವ ಪ್ರಿಂಟ್ ಅಲ್ಲಿನ ಪಿಡಿಎಫ್‌ನಿಂದ ಮಾತ್ರ. ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001:2015ರ 7.5.3ನೇ ಕಲಂ ದಾಖಲೆಗಳ ಬದಲಾವಣೆಯ ನಿಯಂತ್ರಣ ಕೇಳುತ್ತದೆ, ಇಂಥದ್ದೇ ಸಾಫ್ಟ್‌ವೇರ್ ಕೊಳ್ಳಿ ಅನ್ನುವುದಿಲ್ಲ. ಇನ್ನೊಂದು ಮಾತು: ಸಬ್‌ವರ್ಷನ್ ಕೊಡುವ ಆವೃತ್ತಿ ಸಂಖ್ಯೆ ಒಂದೊಂದು ಫೈಲಿನದಲ್ಲ, ಎಲ್ಲ ಫೈಲ್ ಇರುವ ಇಡೀ ಭಂಡಾರಕ್ಕೆ ಸೇರಿದ್ದು. ಡ್ರಾಯಿಂಗಿನ ರಿವಿಜನ್ ಅಕ್ಷರವನ್ನು ಟೈಟಲ್ ಬ್ಲಾಕಿನಲ್ಲಿ ಕೈಯಾರೆ ಬದಲಿಸಲೇಬೇಕು. ಇತಿಹಾಸವೆಲ್ಲ ಒಂದೇ ಸರ್ವರಿನಲ್ಲಿ ಇರುವುದರಿಂದ ರಾತ್ರಿ ಹಾಟ್‌ಕಾಪಿ (ಭಂಡಾರದ ಪೂರ್ತಿ ನಕಲು) ತೆಗೆದು ಇನ್ನೊಂದು ಕಟ್ಟಡದ ಡಿಸ್ಕಿಗೆ ಕಳಿಸುತ್ತೇವೆ.